ಬೆಸುಗೆಗೆ ಮುಂಚಿನ ಕೆಲಸ

ಶಿಡ್ಲಘಟ್ಟದ ಸುತ್ತಿನ ಹಳ್ಳಿಗಳ ರೇಷ್ಮೆ ಹುಳು ಸಾಕುವ ಮನೆಗಳಿಗೆ ಸ್ಟ್ಯಾಂಡು, ಸೊಪ್ಪಿನ ಟ್ರಾಲಿ, ಹುಳು ಗೂಡು ಕಟ್ಟುವ ಚಂದ್ರಿಕೆ ಇಡುವ ಚೌಕಟ್ಟು ಮಾಡಿಕೊಡುವ ವೆಲ್ಡಿಂಗ್ ಶೆಡ್ಡು ನನ್ನದು. ಈ ಕೆಲಸದಲ್ಲಿ ಎರಡು ಮನೆ ಒಂದೇ ಥರ ಇರುವುದಿಲ್ಲ. ಒಂದರಲ್ಲಿ ಬಾಗಿಲು ಕಿರಿದು, ಇನ್ನೊಂದರಲ್ಲಿ ಸೂರು ತಗ್ಗು, ಮತ್ತೊಂದರಲ್ಲಿ ಸೊಪ್ಪು ಹಾಕುವವರು ವಯಸ್ಸಾದ ಒಬ್ಬರೇ ಹೆಂಗಸು. ಹೊಸದಾಗಿ ಯೋಚಿಸದೆ ಇಲ್ಲಿ ದಿನ ಸಾಗುವುದಿಲ್ಲ. ಕಟಿಂಗ್, ಗ್ರೈಂಡಿಂಗ್ ಕಲಿತ ಹಾಗೇ ಇದನ್ನೂ ಕಲಿಯಬಹುದು ಎಂಬುದು ನನ್ನ ಗಟ್ಟಿ ನಂಬಿಕೆ. ನಾನು ಮಾಡುವ ಕ್ರಮವನ್ನು ಬರೆಯುತ್ತೇನೆ.

ಮೊದಲು ಜೇಬಿಗೆ ಹಿಡಿಸುವ ಒಂದು ನೋಟ್‌ಬುಕ್ಕು, ದಾರದಲ್ಲಿ ಕಟ್ಟಿದ ಪೆನ್ಸಿಲು. ಎಡ ಪುಟದಲ್ಲಿ ಕಂಡ ತೊಡಕು ಮಾತ್ರ, ದಿನಕ್ಕೆ ಮೂರು ಸಾಲು. ಬಲ ಪುಟ ವಾರದ ಕೊನೆಯವರೆಗೂ ಖಾಲಿ. ಏನನ್ನು ನೋಡಬೇಕು ಎಂದರೆ: ಒಂದೇ ವಸ್ತುವನ್ನು ಎರಡು ಸಲ ಎತ್ತಿ ಇಡುವುದು, ಸೊಂಟ ಬಗ್ಗುವುದು, ಒಬ್ಬರು ಇನ್ನೊಬ್ಬರಿಗಾಗಿ ಕಾಯುವುದು. ಜನ ಎಲ್ಲೆಲ್ಲಿ ಹಗ್ಗ ಕಟ್ಟಿದ್ದಾರೋ, ಇಟ್ಟಿಗೆ ಒರಗಿಸಿದ್ದಾರೋ, ಹಳೇ ಬಟ್ಟೆ ಸುತ್ತಿದ್ದಾರೋ, ಅಲ್ಲೆಲ್ಲ ಯಾರೂ ಮಾಡಿಕೊಡದ ಒಂದು ಬಿಡಿಭಾಗಕ್ಕೆ ಜಾಗ ಇದೆ. ಯಾವ ಹುಳು ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಆ ಹಗ್ಗವನ್ನೇ.

ಇಲ್ಲಿ ಹೆಚ್ಚಿನವರು ಎಡವುವುದು ತೊಡಕಿನ ಬದಲು ಪರಿಹಾರ ಬರೆದುಬಿಡುವುದರಿಂದ. ‘ಟ್ರಾಲಿ ಬೇಕು’ ಎಂದು ಬರೆದ ಕೂಡಲೇ ತಲೆ ಚಕ್ರದ ಸೈಜು ಲೆಕ್ಕ ಹಾಕಲು ಶುರುಮಾಡುತ್ತದೆ, ಬೇರೆ ದಾರಿಗಳೆಲ್ಲ ಮುಚ್ಚಿಹೋಗುತ್ತವೆ. ವಸ್ತುವಿನ ಹೆಸರು ಬಿಟ್ಟು ಆಗಬೇಕಾದ ಕೆಲಸ ಬರೆಯಬೇಕು: ‘ಸೊಪ್ಪು ಬಾಗಿಲಿನಿಂದ ಸ್ಟ್ಯಾಂಡಿನ ಮೇಲಿನ ಅಂತಸ್ತಿಗೆ ಹೋಗಬೇಕು.’ ನಮ್ಮದೇ ಜಿಲ್ಲೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ರೂಪಿಸಿ, 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಅಳವಡಿಸಿದ ಸ್ವಯಂಚಾಲಿತ ಗೇಟನ್ನು ನೆನೆಸಿಕೊಳ್ಳಿ. ನೀರು ಒಂದು ಮಟ್ಟ ದಾಟಿದರೆ ಗೇಟು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ‘ಗೇಟು ಎತ್ತಲು ಎಷ್ಟು ಆಳು ಬೇಕು’ ಎಂದು ಕೇಳುತ್ತ ಕೂತರೆ ಅಂಥದ್ದು ಹೊಳೆಯುವುದು ಕಷ್ಟ.

ವಾರಕ್ಕೊಂದು ತೊಡಕು ಆರಿಸಿ ಬಲ ಪುಟಕ್ಕೆ ಹೋಗುತ್ತೇನೆ. 25 ನಿಮಿಷ, 20 ದಾರಿ. ಮೊದಲ ಆರೇಳು ಎಲ್ಲರಿಗೂ ಗೊತ್ತಿರುವವೇ ಆಗಿರುತ್ತವೆ. ಆಮೇಲಿನವು ಕೆಲಸಕ್ಕೆ ಬಾರದವು ಅನ್ನಿಸುತ್ತವೆ, ಪೆನ್ಸಿಲು ಕೆಳಗಿಡುವ ಮನಸ್ಸಾಗುವುದು ಆಗಲೇ. ಆ ಗಳಿಗೆಯನ್ನು ದಾಟಿದರೆ 15ರ ಆಚೆ ಬರುವುದರಲ್ಲಿ ಒಂದೆರಡು ಉಪಯೋಗಕ್ಕೆ ಬರುತ್ತವೆ. ಬರೆಯುವಾಗ ಬೆಲೆ, ತೂಕ ಯಾವುದನ್ನೂ ಲೆಕ್ಕ ಹಾಕಬಾರದು.

ಶೆಡ್ಡಿನ ಹುಡುಗರನ್ನು ಸೇರಿಸಿಕೊಳ್ಳುವಾಗ ಮೊದಲ ಹತ್ತು ನಿಮಿಷ ಮಾತಿಲ್ಲ, ಎಲ್ಲರೂ ಬೇರೆ ಬೇರೆ ಕೂತು ಚೀಟಿಯಲ್ಲಿ ಬರೆಯಬೇಕು. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗವೊಂದು ಇದನ್ನೇ ತೋರಿಸಿತು: ನಾಲ್ವರು ಒಟ್ಟಿಗೆ ಕೂತು ಹೇಳಿದ್ದಕ್ಕಿಂತ, ನಾಲ್ವರು ಒಬ್ಬೊಬ್ಬರೇ ಬರೆದಿದ್ದನ್ನು ಕೂಡಿಸಿದಾಗ ಹೆಚ್ಚು ವಿಚಾರ ಸಿಕ್ಕವು. ಒಬ್ಬ ಮಾತಾಡುವಾಗ ಉಳಿದವರ ಯೋಚನೆ ನಿಲ್ಲುತ್ತದೆ. ನಮ್ಮಲ್ಲಂತೂ ಮೇಸ್ತ್ರಿ ಬಾಯಿ ತೆರೆದರೆ ಹುಡುಗರು ಬಾಯಿ ಮುಚ್ಚುತ್ತಾರೆ, ಆದ್ದರಿಂದ ನನ್ನ ಚೀಟಿ ಕೊನೆಯಲ್ಲಿ ಓದುವುದು.

ಪಟ್ಟಿ ಬರಿದಾದಾಗ ಕೋಷ್ಟಕ ಹಾಕುತ್ತೇನೆ. ಸ್ವಿಸ್ ಮೂಲದ ಖಗೋಳ ವಿಜ್ಞಾನಿ ಫ್ರಿಟ್ಜ್ ಝ್ವಿಕಿ ಬಳಸಿದ ಕ್ರಮ ಇದು. ಸೊಪ್ಪಿನ ಕೆಲಸಕ್ಕಾದರೆ ನಾಲ್ಕು ಸಾಲು: ಸೊಪ್ಪು ಯಾವುದರಲ್ಲಿ (ರೆಂಬೆಯ ಕಟ್ಟು, ಬುಟ್ಟಿ, ಗೋಣಿ ಬಟ್ಟೆ, ತಟ್ಟೆ), ಯಾವ ದಾರಿಯಲ್ಲಿ (ನೆಲ, ಗೋಡೆ, ಸೂರು, ಸ್ಟ್ಯಾಂಡಿನ ಅಂಚು), ಏನು ಸರಿಸುತ್ತದೆ (ಚಕ್ರ, ರಾಟೆ, ಕೊಕ್ಕೆ, ಇಳಿಜಾರು), ಆಳು ಎಲ್ಲಿ ನಿಲ್ಲಬೇಕು (ಬಾಗಿಲಲ್ಲಿ, ನಡುವೆ, ಎರಡೂ ಬದಿ, ಮಣೆಯ ಮೇಲೆ). ನಾಲ್ಕನ್ನು ನಾಲ್ಕು ಸಲ ಗುಣಿಸಿದರೆ 256 ಜೋಡಣೆ. ಎಲ್ಲವನ್ನೂ ನೋಡಬೇಕಾಗಿಲ್ಲ. ಸಾಲಿಗೊಂದರಂತೆ ಕಣ್ಣು ಮುಚ್ಚಿ ಚೀಟಿ ಎತ್ತಿ, ಆರು ಜೋಡಣೆ ಮಾತ್ರ ಚಿತ್ರ ಬಿಡಿಸುವುದು. ‘ಗೋಣಿ ಬಟ್ಟೆ, ಸೂರು, ಕೊಕ್ಕೆ, ನಡುವೆ’ ಬಂದರೆ ಸೂರಿಗೆ ಪೈಪು ಹಾಕಿ ಜೋಲಿ ಇಳಿಬಿಡುವ ವಿಚಾರ ಸಿಗುತ್ತದೆ. ನೆಲದ ಚಕ್ರಕ್ಕೆ ಕಡ್ಡಿ, ಕಸ ಸಿಕ್ಕಿಕೊಳ್ಳುವ ಕಾಟ ಇದರಲ್ಲಿಲ್ಲ, ಒದ್ದೆ ಗೋಣಿಯಲ್ಲಿ ಸೊಪ್ಪೂ ಬಾಡುವುದಿಲ್ಲ. ಸಾಲುಗಳು ನಾಲ್ಕಕ್ಕಿಂತ ಹೆಚ್ಚಾದರೆ ಜೋಡಣೆ ಗೋಜಲಾಗುತ್ತದೆ, ಎರಡೇ ಆದರೆ ಹಳೆಯದೇ ಮತ್ತೆ ಬರುತ್ತದೆ.

ಚಿತ್ರದಿಂದ ನೇರ ಬೆಸುಗೆಗೆ ಹೋಗಬಾರದು. ಒಂದು ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ರಟ್ಟು, ಊದುಬತ್ತಿ ಕಡ್ಡಿ, ದಾರದಿಂದ ಮಾದರಿ ಮಾಡುತ್ತೇನೆ. 5 ಅಡಿ ಅಗಲದ ಸ್ಟ್ಯಾಂಡು 5 ಇಂಚಾಗುತ್ತದೆ. ಒಂದು ಬದಿಯಿಂದ ಕೈ ಸಲೀಸಾಗಿ ಎಟುಕುವುದು ಎರಡೂವರೆ ಅಡಿ ಮಾತ್ರ, ಆದ್ದರಿಂದ ಎರಡೂ ಕಡೆ ಓಡಾಡಲು ಜಾಗ ಇದೆಯೇ ಎಂಬುದು ಮಾದರಿಯಲ್ಲೇ ಗೊತ್ತಾಗಿಬಿಡುತ್ತದೆ. ಆಮೇಲೆ ಪೂರ್ತಿ ಅಳತೆಯಲ್ಲಿ ಬೊಂಬು, ಹಗ್ಗ. ಬೆಸುಗೆ ಬಿದ್ದ ವಸ್ತುವನ್ನು ಮನಸ್ಸು ಸಮರ್ಥಿಸಿಕೊಳ್ಳತೊಡಗುತ್ತದೆ, ಹಗ್ಗದ ಗಂಟನ್ನು ಬಿಚ್ಚಲು ಯಾರಿಗೂ ಬೇಸರವಿಲ್ಲ. ಜೋಲಿಯ ಪೈಪಿಗೆ ಆಧಾರ ದೂರವಾದರೆ ನಡುವೆ ಬಾಗಿ, ಕೊಕ್ಕೆ ಜಾರಿ ಅಲ್ಲೇ ನಿಲ್ಲುತ್ತದೆ ಎಂಬುದು ಬೊಂಬಿನಲ್ಲೇ ಕಾಣುತ್ತದೆ.

ಪರೀಕ್ಷೆಯನ್ನು ನಾಲ್ಕನೇ ಜ್ವರ ಎದ್ದ ಹುಳುವಿನ ಮೇಲೇ ಮಾಡಬೇಕು (ಪೊರೆ ಬಿಡಲು ಹುಳು ಸೊಪ್ಪು ಬಿಟ್ಟು ಮಲಗುವುದಕ್ಕೆ ಜ್ವರ ಎನ್ನುತ್ತೇವೆ). ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಆ ಕೊನೆಯ ಹಂತದಲ್ಲೇ, ಏಳೆಂಟು ದಿನದಲ್ಲಿ ಖರ್ಚಾಗುತ್ತದೆ. ಮರಿ ಹುಳುವಿನ ಕಾಲದಲ್ಲಿ ಎಲ್ಲ ವಿನ್ಯಾಸವೂ ಚೆನ್ನಾಗಿಯೇ ಕಾಣುತ್ತದೆ. ಸೊಪ್ಪು ಹಾಕುವ ಅಮ್ಮಂದಿರಿಗೆ ಏನನ್ನೂ ವಿವರಿಸದೆ ಕೊಟ್ಟು, ಅವರ ಕೈ ನೋಡುತ್ತ ನಿಲ್ಲುವುದು. ‘ಹೇಗಿದೆ ಅಮ್ಮ?’ ಎಂದರೆ ‘ಚೆನ್ನಾಗೈತೆ ಬಿಡಪ್ಪ’ ಎನ್ನುತ್ತಾರೆ, ಅದರಿಂದ ಏನೂ ತಿಳಿಯದು. ‘ಎಲ್ಲಿ ಕೈ ತಡೀತು?’ ಎಂದು ಕೇಳಿದರೆ ಜಾಗ ಮುಟ್ಟಿ ತೋರಿಸುತ್ತಾರೆ.

ಮನೆಯಲ್ಲೂ ಇದೇ ಅಭ್ಯಾಸ, ಚಿಕ್ಕದಾಗಿ: ಒಂದು ಅಡಿಗಿಂತ ಉದ್ದವಿಲ್ಲದ ಕಟಿಂಗ್ ಪೀಸುಗಳಿಂದಲೇ ವಾರಕ್ಕೊಂದು ವಸ್ತು. ಕಟ್ಟುಪಾಡು ಇದ್ದಷ್ಟೂ ಕೈ ಚುರುಕಾಗುತ್ತದೆ. ಕೋಷ್ಟಕ ಹಾಕಿಯೂ ದಾರಿ ಕಾಣದಿದ್ದರೆ ಒಂದು ರಾತ್ರಿ ಬಿಡುತ್ತೇನೆ, ಸಂಜೆ ಫೋನಿಲ್ಲದೆ ಕೆರೆ ಏರಿಯ ಮೇಲೆ ನಡೆಯುತ್ತೇನೆ. ಪುಟ ತುಂಬಿಸದೆ ಬರೀ ನಡೆದರೆ ಮಾತ್ರ ಏನೂ ಹೊಳೆಯುವುದಿಲ್ಲ.

ಬಿಟ್ಟುಬಿಟ್ಟ ಚೀಟಿಗಳನ್ನು ಎಸೆಯಬೇಡಿ. ಹಿಂದೆ ತಾರೀಖು, ಬಿಟ್ಟ ಕಾರಣ ಬರೆದು ಲಕೋಟೆಯಲ್ಲಿಡಿ. ‘ಬೆಲೆ ಹೆಚ್ಚು’, ‘ಸೂರು ತಗ್ಗು’ ಎಂಬ ಕಾರಣದವು ಇನ್ನೊಂದು ಮನೆಗೆ ಹೊಂದಬಹುದು, ಹೊಸ ಕೆಲಸ ಬಂದಾಗ ಮೊದಲು ಅವನ್ನೇ ತೆಗೆಯುತ್ತೇನೆ. ‘ಗಾಳಿ ತಡೆಯುತ್ತದೆ’, ‘ಹುಳುವಿಗೆ ಪೆಟ್ಟಾಗುತ್ತದೆ’ ಎಂದು ಬರೆದವು ಬೇರೆ ಲಕೋಟೆಯಲ್ಲಿರಲಿ.