ಸೀಸ ಬಿಟ್ಟರೂ ಸೀಸೆ ಬಿಡಲಿಲ್ಲ

ಸೀಸ ಇರುವ ಪೆರೊವ್‌ಸ್ಕೈಟ್ (ಒಂದು ಬಗೆಯ ಹರಳು ರಚನೆ) ನ್ಯಾನೊಹರಳು, ಅಂದರೆ ಬೆಳಗುವ ಅತಿ ಸಣ್ಣ ಹರಳು, ಮಾಡಿದವರಿಗೆ ಗೊತ್ತು, ನೋಟು ನೋಡುವ ಯುವಿ ಟಾರ್ಚ್ ಹಿಡಿದರೆ ಸಾಕು, ಸೀಸೆ ತುಂಬಾ ಹಸಿರು. ಆದರೆ ಸೀಸದ ಕಸ ಚರಂಡಿಗೆ ಬಿಡುವಂತಿಲ್ಲ. ತುಮಕೂರಿನ ನಮ್ಮ ಲ್ಯಾಬಿನಲ್ಲಿ ಎರಡು ಕ್ಯಾನ್ ತುಂಬಿ ಕೂತ ಮೇಲೆ ನಾನು ತಾಮ್ರಕ್ಕೆ ಬಂದೆ.

ಸೀಸಿಯಂ ಮೂರು, ತಾಮ್ರ ಎರಡು, ಅಯೊಡಿನ್ ಐದು, ಈ ಲೆಕ್ಕದಲ್ಲಿ ಪರಮಾಣು ಸೇರಿದ ಹರಳು. ಇದರ ನೀಲಿ ಬೆಳಕನ್ನು 2018ರಲ್ಲಿ ಟೋಕಿಯೊದ ವಿಜ್ಞಾನಿ ಹೊಸೊನೊ ಅವರ ತಂಡ ವರದಿ ಮಾಡಿತ್ತು. ರಚನೆ ನೋಡಿದರೆ ಇದು ಅಪ್ಪಟ ಪೆರೊವ್‌ಸ್ಕೈಟ್ ಅಲ್ಲ, ಬೀಗರ ಕಡೆಯವರು ಅನ್ನಿ.

78 ಮಿಲಿಗ್ರಾಂ ಸೀಸಿಯಂ ಅಯೊಡೈಡ್, 38 ಮಿಲಿಗ್ರಾಂ ಕ್ಯುಪ್ರಸ್ ಅಯೊಡೈಡ್. ಎರಡನ್ನೂ ಡಿಎಂಎಫ್, ಡಿಎಂಎಸ್‌ಒ ಎಂಬ ದ್ರಾವಕಗಳ ಮಿಶ್ರಣದಲ್ಲಿ ಕರಗಿಸಿ, ಒಲಿಯಿಕ್ ಆಮ್ಲ, ಒಲಿಯಿಲ್ ಅಮೈನ್ ಬೆರೆಸಿ, ಗಿರಗಿರ ತಿರುಗುತ್ತಿರುವ ಟಾಲುಯಿನ್‌ಗೆ ಹನಿಹನಿಯಾಗಿ ಬಿಟ್ಟೆವು. ಹಾಲಿನಂತೆ ಮಸುಕಾಯಿತು. ಟಾರ್ಚ್ ಹಿಡಿದ ಹುಡುಗಿ, "ಏನೂ ಇಲ್ಲ ಮೇಡಂ" ಅಂದಳು. ಮೂರು ವಾರ ಇದೇ ಮಾತು. ಕ್ಯುಪ್ರಸ್ ಅಯೊಡೈಡ್ ಹಳೆಯದು ಅಂತ ಹೊಸ ಡಬ್ಬ ತರಿಸಿದೆ, ಅದೂ ದಂಡ.

ಒಂದು ದಿನ ಫಿಲ್ಟರ್ ಪೇಪರ್ ಮೇಲೆ ಹನಿ ಚೆಲ್ಲಿತ್ತು. ಪಕ್ಕದಲ್ಲೇ ಕೆಮಿಸ್ಟ್ರಿಯವರ ಟಿಎಲ್‌ಸಿ ಡಬ್ಬ (ತೆಳುಪದರ ಪರೀಕ್ಷೆಯ ಚುಕ್ಕಿಗಳನ್ನು ಯುವಿಯಲ್ಲಿ ನೋಡುವ ಪೆಟ್ಟಿಗೆ), 254 ನ್ಯಾನೊಮೀಟರ್ ದೀಪದ್ದು. ಕಾಗದ ಒಳಗಿಟ್ಟರೆ ಚೆಲ್ಲಿದ ಆಕಾರದಲ್ಲೇ ಅಚ್ಚ ನೀಲಿ! ಸೀಸೆಯನ್ನೂ ಇಟ್ಟೆ, ಕತ್ತಲೆ. ಆಗ ಹೊಳೆಯಿತು. ಈ ಹರಳು ಹೀರುವುದು 300 ನ್ಯಾನೊಮೀಟರ್ ಆಸುಪಾಸಿನ ಬೆಳಕನ್ನು. ನನ್ನ ಟಾರ್ಚ್ 365ರದ್ದು. ಡಬ್ಬದ 254ನ್ನು ಗಾಜೇ ನುಂಗುತ್ತದೆ. ಬೆಳಗುವುದು ಮಾತ್ರ 445ರ ಹತ್ತಿರ. ಹೀರುವುದಕ್ಕೂ ಉಗುಳುವುದಕ್ಕೂ ಅಷ್ಟು ದೂರವಿರುವುದರಿಂದ ತನ್ನ ಬೆಳಕನ್ನು ತಾನೇ ತಿನ್ನುವುದಿಲ್ಲ. ಎಕ್ಸ್‌ರೇ ಪರದೆಗೆ ಇದನ್ನು ಬಯಸುವುದು ಅದಕ್ಕೇ. ಆಮೇಲೆ ಯುವಿಯನ್ನು ಒಳಗೆ ಬಿಡುವ ಕ್ವಾರ್ಟ್ಸ್ ಕ್ಯುವೆಟ್ (ಸಣ್ಣ ಚೌಕ ಪಾತ್ರೆ) ಬಂತು. (ಆ ದೀಪವನ್ನು ಬರಿಗಣ್ಣಲ್ಲಿ ನೋಡಬೇಡಿ. ನಾನು ನೋಡಿ ರಾತ್ರಿಯೆಲ್ಲ ಕಣ್ಣಲ್ಲಿ ಮರಳು ಬಿದ್ದಂತೆ ಒದ್ದಾಡಿದ್ದೇನೆ.)

ಆಷಾಢದ ತೇವ ಶುರುವಾದಾಗ ಮತ್ತೊಂದು ಕಾಟ. ನೀಲಿ ಚುಕ್ಕಿಯ ಅಂಚು ಹಳದಿಗೆ ತಿರುಗತೊಡಗಿತು. ತೇವ ಸೀಸಿಯಂ ಅಯೊಡೈಡನ್ನು ಎಳೆದುಕೊಂಡರೆ ಉಳಿಯುವುದು ತಾಮ್ರ ಹೆಚ್ಚಿರುವ ಬೇರೆ ಹರಳು, ಅದರ ಬೆಳಕು ಹಳದಿ. ಮೆಥನಾಲ್‌ನಲ್ಲಿ ತೊಳೆದು ನಾವೂ ಅದನ್ನೇ ಮಾಡಿದ್ದೆವು! ಈಗ ಒಣ ಟಾಲುಯಿನ್‌ನಲ್ಲೇ ತೊಳೆಯುತ್ತೇವೆ, ಮಳೆ ಇದ್ದ ದಿನ ಸೀಸಿಯಂ ಡಬ್ಬ ಮುಟ್ಟುವುದಿಲ್ಲ. ಹಳದಿ ಅಂಚಿನ ಆ ಕಾಗದವನ್ನು ಹುಡುಗಿ ತನ್ನ ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿಕೊಂಡಿದ್ದಾಳೆ.