ಸ್ಪಿನ್‌ಲಾಕ್ ಹಿಡಿದಾಗ ಮೆಮೊರಿ ಕೇಳುವುದು ಹೇಗೆ?

ಪುಣೆಯ ಹಿಂಜೆವಾಡಿಯಲ್ಲಿ ನಾವು ಹುಬ್ಬಳ್ಳಿ ಕಡೆಯ ನಾಲ್ಕು ಜನ ಒಂದೇ ಫ್ಲ್ಯಾಟಿನಲ್ಲಿದ್ದೆವು. ಬಾತ್‌ರೂಮ್ ಒಂದೇ. ಒಬ್ಬ ಒಳಗೆ ಹೋಗಿ ಚಿಲಕ ಹಾಕಿಕೊಂಡು ಅಲ್ಲೇ ನಿದ್ದೆ ಹೊಡೆದರೆ ಉಳಿದವರ ಗತಿ? ಲಿನಕ್ಸ್ ಕರ್ನಲ್‌ನಲ್ಲಿ ಸ್ಪಿನ್‌ಲಾಕ್ (ಒಂದು ಡೇಟಾವನ್ನು ಒಮ್ಮೆಗೆ ಒಬ್ಬರೇ ಮುಟ್ಟಲಿ ಅಂತ ಹಾಕುವ ಬೀಗ) ಹಿಡಿದು ಮಲಗುವ, ಅಂದರೆ ಸಿಪಿಯು ಬಿಟ್ಟುಕೊಟ್ಟು ಕಾಯುವ, ಡ್ರೈವರ್ ಮಾಡುವುದೂ ಅದನ್ನೇ. ಕಾಯುವ ಸಿಪಿಯುಗಳು ಸುಮ್ನೆ ಕೂರುವುದಿಲ್ಲ, ಸಿಕ್ಕಿತಾ ಸಿಕ್ಕಿತಾ ಅಂತ ಸುತ್ತುತ್ತಲೇ ಇರುತ್ತವೆ.

ನನ್ನ ಮೊದಲ ಡ್ರೈವರ್‌ನಲ್ಲಿ ಲಾಕ್ ಹಿಡಿದೇ, ಕರ್ನಲ್‌ನಲ್ಲಿ ಮೆಮೊರಿ ಕೇಳುವ ಕೆಮ್ಯಾಲಕ್ ಫಂಕ್ಷನ್‌ಗೆ ಜಿಎಫ್‌ಪಿ_ಕರ್ನಲ್ ಎಂಬ ಫ್ಲ್ಯಾಗ್ ಕೊಟ್ಟಿದ್ದೆ. ಈ ಫ್ಲ್ಯಾಗ್ ಇದ್ದರೆ, ಮೆಮೊರಿ ಸಾಲದಾಗ ಕರ್ನಲ್ ಬೇರೆ ಪೇಜುಗಳನ್ನು ಖಾಲಿ ಮಾಡಿಸುತ್ತದೆ, ಅಷ್ಟರಲ್ಲಿ ನಿಮ್ಮ ಕೋಡ್ ಮಲಗಬಹುದು. ನನ್ನ ಲ್ಯಾಪ್‌ಟಾಪಿನಲ್ಲಿ ಮೆಮೊರಿ ಬೇಕಾದಷ್ಟಿತ್ತು, ಹಾಗಾಗಿ ವಾರಗಟ್ಟಲೆ ಏನೂ ಗೊತ್ತಾಗಲಿಲ್ಲ; ಸಣ್ಣ ಬೋರ್ಡಿಗೆ ಹಾಕಿ ಲೋಡ್ ಕೊಟ್ಟ ದಿನ ಪೂರ್ತಿ ಹ್ಯಾಂಗ್.

ಅದಕ್ಕೇ ಮೊದಲು ಟೆಸ್ಟ್ ಕರ್ನಲ್‌ನಲ್ಲಿ ಕಾನ್ಫಿಗ್_ಡೀಬಗ್_ಅಟಾಮಿಕ್_ಸ್ಲೀಪ್ ಆನ್ ಮಾಡಿ. ನಿಜವಾಗಿ ಮಲಗದಿದ್ದರೂ, ಮಲಗಬಹುದಾದ ಕರೆ ಕಂಡರೆ ಸಾಕು, ಡಿಮೆಸೇಜ್‌ನಲ್ಲಿ (ಕರ್ನಲ್‌ನ ಲಾಗ್) ‘ಸ್ಲೀಪಿಂಗ್ ಫಂಕ್ಷನ್ ಕಾಲ್ಡ್ ಫ್ರಮ್ ಇನ್‌ವ್ಯಾಲಿಡ್ ಕಾಂಟೆಕ್ಸ್ಟ್’ ಅಂತ ಬೈಯುತ್ತದೆ. ಕೆಳಗೆ ಸ್ಟ್ಯಾಕ್ ಟ್ರೇಸ್, ಅಂದರೆ ಯಾವ ಯಾವ ಕರೆ ದಾಟಿ ಅಲ್ಲಿಗೆ ಬಂತು ಎಂಬ ಪಟ್ಟಿ, ಕೂಡ ಬರುತ್ತದೆ.

ಬೈಸಿಕೊಂಡ ತಕ್ಷಣ ಎಲ್ಲರೂ ಫ್ಲ್ಯಾಗನ್ನು, ಮಲಗದೇ ಮೆಮೊರಿ ಕೇಳುವ ಜಿಎಫ್‌ಪಿ_ಅಟಾಮಿಕ್ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ತಡೀರಿ. ಸೋಪು, ಟವೆಲ್ ತಗೊಂಡೇ ಬಾತ್‌ರೂಮಿಗೆ ಹೋಗ್ತೀವಿ ಅಲ್ವಾ? ಹಾಗೆಯೇ ಲಾಕ್ ಹಿಡಿಯುವ ಮೊದಲೇ ಜಿಎಫ್‌ಪಿ_ಕರ್ನಲ್‌ನಿಂದ ಮೆಮೊರಿ ತಗೊಂಡು, ಒಳಗೆ ಲಿಸ್ಟಿಗೆ ಸೇರಿಸುವುದಷ್ಟನ್ನೇ ಮಾಡಿ. ಇಂಟರಪ್ಟ್ ಹ್ಯಾಂಡ್ಲರ್ (ಸಾಧನ ಕರೆದ ತಕ್ಷಣ ಓಡುವ ಕೋಡ್, ಅಲ್ಲೂ ಮಲಗುವಂತಿಲ್ಲ) ಆದರೆ ಪ್ರೋಬ್‌ನಲ್ಲೇ, ಅಂದರೆ ಡ್ರೈವರ್ ಸಾಧನವನ್ನು ಸಿದ್ಧ ಮಾಡುವಾಗಲೇ, ಬಫರ್ ಎತ್ತಿಡಿ, ಇಲ್ಲವೇ ಕೆಲಸವನ್ನು ಥ್ರೆಡೆಡ್ ಐಆರ್‌ಕ್ಯೂಗೆ (ಇಂಟರಪ್ಟ್ ಕೆಲಸ ಮಾಡುವ ಬೇರೆ ಥ್ರೆಡ್) ತಳ್ಳಿ; ಅಲ್ಲಿ ಮಲಗಬಹುದು.

ಬೇರೆ ದಾರಿಯೇ ಇಲ್ಲವೇ? ಆಗ ಜಿಎಫ್‌ಪಿ_ಅಟಾಮಿಕ್. ಅದು ಮಲಗುವುದಿಲ್ಲ, ಹಿನ್ನೆಲೆಯಲ್ಲಿ ಪೇಜು ಖಾಲಿ ಮಾಡುವ ಕೆಸ್ವಾಪ್‌ಡಿ ಥ್ರೆಡ್ಡನ್ನು ಎಬ್ಬಿಸಿ ಮುಂದೆ ಹೋಗುತ್ತದೆ, ಬೇಕಾದರೆ ಆಪತ್ತಿಗೆ ಇಟ್ಟ ಮೆಮೊರಿಗೂ ಕೈ ಹಾಕುತ್ತದೆ. ಆ ಗಂಟು ಚಿಕ್ಕದು, ಜಾಸ್ತಿ ಕೇಳಬೇಡಿ. ನಲ್ (ಮೆಮೊರಿ ಸಿಗಲಿಲ್ಲ ಎಂಬ ಉತ್ತರ) ಬರುತ್ತದೆ ಅಂತಲೇ ಕೋಡ್ ಬರೆಯಿರಿ. ನೆಟ್‌ವರ್ಕ್ ಡ್ರೈವರ್‌ಗಳು ಆಗ ಪ್ಯಾಕೆಟ್ ಬಿಟ್ಟು, ಬಿಟ್ಟವುಗಳ ಲೆಕ್ಕಕ್ಕೆ ಒಂದು ಸೇರಿಸಿ ಸಾಗುತ್ತವೆ. ಸಿಗದಿದ್ದರೂ ನಡೆಯುತ್ತದೆ ಎಂದಾದರೆ ಜಿಎಫ್‌ಪಿ_ನೋವೇಟ್ ಸಾಕು, ಅದು ಆ ಗಂಟನ್ನು ಮುಟ್ಟುವುದಿಲ್ಲ. ಮೆಮೊರಿ ಕೇಳುವ ಇನ್ನೊಂದು ಫಂಕ್ಷನ್ ವಿಮ್ಯಾಲಕ್ ಮಾತ್ರ ಇಲ್ಲಿ ಬೇಡ, ಅದು ಮಲಗಬಹುದು.

ಈಗ ಮಲಗಬಾರದೇ ಅಂತ ಇನ್_ಅಟಾಮಿಕ್ ಫಂಕ್ಷನನ್ನು ಕೇಳಿ ಫ್ಲ್ಯಾಗ್ ಆರಿಸುವ ಜಾಣತನ ನಾನೂ ಮಾಡಿದ್ದೆ. ಆದರೆ ಪ್ರಿಎಂಪ್ಟ್ ಕೌಂಟ್ (ಲಾಕ್ ಹಿಡಿದಾಗ ಏರುವ ಎಣಿಕೆ) ಇಲ್ಲದ ಕರ್ನಲ್‌ನಲ್ಲಿ ಸ್ಪಿನ್‌ಲಾಕ್ ಹಿಡಿದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಕರೆಯುವವರೇ ಫ್ಲ್ಯಾಗ್ ಕೊಡಲಿ.

2024ರಲ್ಲಿ ಲಿನಕ್ಸ್ 6.12ರೊಂದಿಗೆ ಪ್ರಿಎಂಪ್ಟ್_ಆರ್‌ಟಿ (ರಿಯಲ್‌ಟೈಮ್ ಕೆಲಸಕ್ಕಾಗಿ ಇರುವ ಆಯ್ಕೆ) ಮುಖ್ಯ ಕರ್ನಲ್‌ಗೆ ಬಂತು. ಅದರಲ್ಲಿ ಮಾಮೂಲಿ ಸ್ಪಿನ್‌ಲಾಕೇ ಮಲಗುತ್ತದೆ, ಮೆಮೊರಿ ಕೊಡುವ ಕೋಡ್ ಒಳಗೆ ಹಿಡಿಯುವುದೂ ಅಂಥ ಲಾಕನ್ನೇ; ಹಾಗಾಗಿ ಅಲ್ಲೂ ಮಲಗದ ರಾ ಸ್ಪಿನ್‌ಲಾಕ್ ಹಿಡಿದಾಗ ಜಿಎಫ್‌ಪಿ_ಅಟಾಮಿಕ್ ಕೂಡ ನಡೆಯುವುದಿಲ್ಲ. ಅಲ್ಲಿ ಸೋಪು ಮೊದಲೇ ಕೈಯಲ್ಲಿರಬೇಕು.