ಚರ್ಮದ ಮೇಲೆ ಸೆಲ್ಟಿಕ್ ಗಂಟು: ಒಮ್ಮೆ ಮೇಲೆ, ಒಮ್ಮೆ ಕೆಳಗೆ

ತುದಿಯೇ ಸಿಗದಂತೆ ಹೆಣೆದುಕೊಂಡ ಪಟ್ಟಿಗಳ ಚಿತ್ತಾರ ನೋಡಿರುತ್ತೀರಿ. ಐರ್ಲೆಂಡ್, ಬ್ರಿಟನ್ ಕಡೆಯ ಹಳೆಯ ಕಲೆಯಲ್ಲಿ ಕಾಣುವ ಇದೇ ಸೆಲ್ಟಿಕ್ ಗಂಟು. ಸುಮಾರು 800ರ ಹೊತ್ತಿನ ‘ಬುಕ್ ಆಫ್ ಕೆಲ್ಸ್’ ಹಸ್ತಪ್ರತಿಯ ತುಂಬ ಇದೇ ಇದೆ. ಚರ್ಮದ ಮೇಲೂ ಈ ಹೆಣಿಗೆ ಹಳೆಯದೇ. ‘ಸೇಂಟ್ ಕತ್‌ಬರ್ಟ್ ಗಾಸ್ಪೆಲ್’ 8ನೇ ಶತಮಾನದ ಆರಂಭದ ಪುಸ್ತಕ. ಅದರ ಕೆಂಪು ಮೇಕೆ ಚರ್ಮದ ರಟ್ಟು ಇವತ್ತಿಗೂ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಮೊದಲಿಗೆ ಬೆಲ್ಟ್, ಬ್ಯಾಗ್ ಬೇಡ. ಲೋಟದಡಿ ಇಡುವ, ಅಂಗೈಯಗಲದ ಒಂದು ಕೋಸ್ಟರ್ ಸಾಕು. ಮರದ ತೊಗಟೆಯಂಥ ಸಸ್ಯಮೂಲದಿಂದ ಹದ ಮಾಡಿದ, 3 ಮಿ.ಮೀ. ದಪ್ಪದ ಚರ್ಮವನ್ನೇ ಕೇಳಿ ತನ್ನಿ. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದರಲ್ಲಿ ಅಚ್ಚು ನಿಲ್ಲೋದಿಲ್ಲ.

ಚಿತ್ತಾರವನ್ನು ಮೊದಲು ಕಾಗದದ ಮೇಲೆ ಬಿಡಿಸಿ. ಚುಕ್ಕಿ ರಂಗೋಲಿ ಬಲ್ಲವರಿಗೆ ಇದು ಸಲೀಸು: ಚುಕ್ಕಿ ಇಟ್ಟು, ಅವುಗಳ ಸುತ್ತ ಗೆರೆ ಬಳಸಿಕೊಂಡು ಹೋಗುವುದು. ಆಮೇಲೆ ಗೆರೆಯನ್ನು ಪಟ್ಟಿಯಾಗಿ ಅಗಲಿಸಿ. ಪಟ್ಟಿಗಳು ಒಂದನ್ನೊಂದು ಹಾಯುವ ಜಾಗವೇ ದಾಟು. ಪ್ರತಿ ಪಟ್ಟಿ ಒಂದು ದಾಟಿನಲ್ಲಿ ಮೇಲೆ, ಮುಂದಿನ ದಾಟಿನಲ್ಲಿ ಕೆಳಗೆ. ಬೆರಳಿಟ್ಟು ಕೊನೆತನಕ ನೋಡಿ. ಒಂದು ಕಡೆ ತಪ್ಪಿದರೂ ಗಂಟು ಸುಳ್ಳು.

ಚರ್ಮವನ್ನು ಸ್ಪಂಜಿನಿಂದ ಒದ್ದೆ ಮಾಡಿ ಸ್ವಲ್ಪ ಹೊತ್ತು ಹಾಗೇ ಬಿಡಿ. ಬಣ್ಣ ಹೆಚ್ಚುಕಡಿಮೆ ಮೊದಲಿನಂತಾಗಿ, ಮುಟ್ಟಿದರೆ ಇನ್ನೂ ತಣ್ಣಗಿರಬೇಕು. ಅದೇ ಹದ. ಚಿತ್ತಾರದ ಕಾಗದವನ್ನು ಚರ್ಮದ ಮೇಲಿಟ್ಟು ಮೊಂಡು ಮೊನೆಯಿಂದ ತಿದ್ದಿದರೆ ಗುರುತು ಮೂಡುತ್ತದೆ. ಅದರ ಮೇಲೆ ಸ್ವಿವೆಲ್ ನೈಫ್ (ಬೆರಳಲ್ಲಿ ತಿರುಗಿಸುತ್ತ ಗೆರೆ ಕೊಯ್ಯುವ ಚಾಕು) ಆಡಿಸಿ, ದಪ್ಪದ ಮೂರನೇ ಒಂದು ಭಾಗದಷ್ಟು ಆಳಕ್ಕೆ.

ಇಲ್ಲೇ ಜಾಸ್ತಿ ಗಮನ ಬೇಕು. ದಾಟಿನಲ್ಲಿ ಮೇಲಿನ ಪಟ್ಟಿಯ ಎರಡೂ ಗೆರೆ ಕಡಿಯದೆ ಸಾಗಬೇಕು. ಕೆಳಗಿನದರ ಗೆರೆಗಳು ಅದರ ಅಂಚಿಗೆ ಬಂದು ನಿಲ್ಲಬೇಕು, ಕೂದಲೆಳೆಯಷ್ಟೂ ದಾಟಬಾರದು. ಈಗ ಬೆವೆಲರ್ ಎಂಬ ಅಚ್ಚುಳಿ ತೆಗೆದುಕೊಳ್ಳಿ. ಅದರ ಎತ್ತರದ ಅಂಚನ್ನು ಮೇಲಿನ ಪಟ್ಟಿಯ ಗೆರೆಗೆ ತಾಗಿಸಿ, ಇಳಿಜಾರು ಕೆಳಗಿನ ಪಟ್ಟಿಯ ಕಡೆಗಿರಲಿ. ಕೊಡತಿಯಿಂದ ತಟ್ಟುತ್ತಾ, ಪ್ರತಿ ಏಟಿಗೂ ಉಳಿಯನ್ನು ಅದರ ಅರ್ಧ ಅಗಲದಷ್ಟು ಗೆರೆಗುಂಟ ಸರಿಸಿ. ಕೆಳಗಿನ ಪಟ್ಟಿ ತಗ್ಗಿ, ಮೇಲಿನದರಡಿ ನುಸುಳಿದಂತೆ ಕಾಣುತ್ತದೆ. ಮಜಾ ಬರೋದೇ ಇಲ್ಲಿ, ಅಲ್ವಾ? ಅಡಿಯಲ್ಲಿ ಗ್ರಾನೈಟ್ ತುಂಡಿರಲಿ, ಮರದ ಮೇಜು ಏಟನ್ನು ನುಂಗಿಬಿಡುತ್ತದೆ. ಕಬ್ಬಿಣದ ಸುತ್ತಿಗೆ ಬೇಡವೇ ಬೇಡ, ಉಳಿ ಹಾಳು.

ಪಟ್ಟಿಗಳ ಹೊರ ಅಂಚನ್ನೂ ಹೀಗೇ ತಗ್ಗಿಸಿ. ನಡುವಿನ ಖಾಲಿ ಜಾಗವನ್ನು ಸಣ್ಣ ಚುಕ್ಕೆಯ ಅಚ್ಚಿನಿಂದ ಒತ್ತಿ.

ನೆರಳಲ್ಲಿ ಒಂದು ದಿನ ಒಣಗಲಿ. ಬಿಸಿಲಿಗಿಟ್ಟರೆ ಸೆಟೆದುಕೊಳ್ಳುತ್ತದೆ. ನಂತರ ಫಿನಿಶ್ (ಚರ್ಮವನ್ನು ಕಾಯುವ ಲೇಪ) ಹಚ್ಚಿ ಆರಿಸಿ, ತಗ್ಗುಗಳಿಗೆ ಹಳೆಯದರ ಕಳೆ ಕೊಡುವ ಗಾಢ ಕಂದು ಆ್ಯಂಟಿಕ್ ಪೇಸ್ಟ್ ತಿಕ್ಕಿ ತಕ್ಷಣ ಒರೆಸಿ. ಬಣ್ಣ ತಗ್ಗಿನಲ್ಲಷ್ಟೇ ಉಳಿಯುತ್ತದೆ. ಮೊದಲು ಒಂದು ಚೂರಿನ ಮೇಲೆ ಹಚ್ಚಿ ನೋಡಿಕೊಳ್ಳಿ, ಚರ್ಮಕ್ಕೆ ಹಿಡಿದ ಬಣ್ಣ ಮತ್ತೆ ಬಿಡುವುದಿಲ್ಲ.